ಸಂಬಳ ಚೆನ್ನಾಗಿಯೇ ಇದೆ, ಆದರೂ ಹೊರದೇಶದ ಎಂಜಿನಿಯರ್‌ಗಳು ಯಾಕೆ ನಿಲ್ಲುತ್ತಿಲ್ಲ?

ಟೇಪ್‌ಔಟ್ ತಲೆನೋವು
ಎಲ್ಲರಿಗೂ ನಮಸ್ಕಾರ. ಇಲ್ಲಿ ಸುಮ್ನೆ ಓದಿಕೊಂಡು ಹೋಗುವವನು ನಾನು. ಇವತ್ತು ಕೇಳಲೇಬೇಕು ಅನ್ನಿಸಿತು.

ಯೂರೋಪಿನ ಒಂದು ಚಿಪ್ ವಿನ್ಯಾಸ ಕಂಪನಿಯಲ್ಲಿ ವೆರಿಫಿಕೇಶನ್ ಟೀಮ್, ಅಂದರೆ ವಿನ್ಯಾಸದಲ್ಲಿ ತಪ್ಪು ಹುಡುಕುವ ಟೀಮ್ ನೋಡಿಕೊಳ್ಳುತ್ತೇನೆ. ನಾನೂ ಹೊರಗಿನಿಂದ ಬಂದವನೇ. ಟೀಮಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೊರದೇಶದವರು. ಕರೆಸುವುದಕ್ಕೆ ನಮಗೆ ಕಷ್ಟವೇ ಇಲ್ಲ. ಟಿಕೆಟ್, ಸಾಮಾನು ಸಾಗಿಸುವ ಖರ್ಚು, ಮೊದಲ ಕೆಲವು ತಿಂಗಳ ಬಾಡಿಗೆ, ಸೇರುವ ಬೋನಸ್ ಎಲ್ಲ ಕೊಡುತ್ತೇವೆ. ಬರುತ್ತಾರೆ, ಕಲಿಯುತ್ತಾರೆ. ಇನ್ನು ಚಿಪ್ಪಿನ ಈ ಭಾಗ ಪೂರ್ತಿ ಇವರ ಕೈಗೆ ಬಿಡಬಹುದು ಅನ್ನುವಷ್ಟರಲ್ಲಿ ರಾಜೀನಾಮೆ ಬರುತ್ತದೆ. ಹೆಚ್ಚು ಕಮ್ಮಿ ಎರಡರಿಂದ ಮೂರು ವರ್ಷ, ಅಷ್ಟೇ.

ಹೊರಡುವಾಗ ಒಂದು ಫಾರ್ಮ್ ತುಂಬಿಸಿಕೊಳ್ಳುತ್ತೇವೆ. ಕಾರಣದ ಕಾಲಂನಲ್ಲಿ ಎಲ್ಲರೂ ಬರೆಯುವುದು ಒಂದೇ, 'ವೈಯಕ್ತಿಕ'. ಮೇಲಿನವರು ಅದನ್ನು ನೋಡಿ ನಮ್ಮದೇನೂ ತಪ್ಪಿಲ್ಲ ಅಂತ ಫೈಲ್ ಮುಚ್ಚುತ್ತಾರೆ. ಈಗ ಸಂಬಳ ಇನ್ನಷ್ಟು ಏರಿಸೋಣ ಅನ್ನುವ ಪ್ರಸ್ತಾಪ ಬಂದಿದೆ. ನನಗೇನೋ ಅದರಿಂದ ಆಗುವ ಕೆಲಸ ಇದು ಅನ್ನಿಸುತ್ತಿಲ್ಲ. ಹೀಗೆ ಬಿಟ್ಟು ಹೋದವರು, ಹೊರಡುವ ಯೋಚನೆಯಲ್ಲಿರುವವರು, ಗಟ್ಟಿಯಾಗಿ ಉಳಿದವರು ಯಾರಾದರೂ ಇದ್ದರೆ ಆ ಕಾಲಂನಲ್ಲಿ ಬರೆಯದ ಕಾರಣ ಹೇಳುತ್ತೀರಾ?

ಸುಮ್ನಿರಿ
ಸಂಬಳ ಏರಿಸುವುದು ಖಚಿತ ಆದಮೇಲೆ ರೆಸ್ಯೂಮೆ ಎಲ್ಲಿಗೆ ಕಳಿಸಬೇಕು ಅಂತಲೂ ತಿಳಿಸಿ ಸರ್.

ಬಿಸಿಲುಕೋಲು
ನಾನು ಬಿಟ್ಟು ಹೋದವಳು. ಫಾರ್ಮಿನಲ್ಲಿ 'ವೈಯಕ್ತಿಕ' ಅಂತಲೇ ಬರೆದೆ. ಮುಂದಿನ ಕಂಪನಿ ರೆಫರೆನ್ಸ್ ಕೇಳುವಾಗ ಯಾರನ್ನೂ ಎದುರು ಹಾಕಿಕೊಂಡಿರಬಾರದು ಅಲ್ವಾ?

ನಿಜವಾದ ಕಾರಣ ನನ್ನ ಗಂಡನ ಕೆಲಸ. ಅವರು ದಂತವೈದ್ಯರು. ಕೆಲಸ ಮಾಡುವ ಅನುಮತಿ ಬಂದ ದಿನದಿಂದಲೇ ಇತ್ತು. ಆದರೆ ಪದವಿಗೆ ಮಾನ್ಯತೆ ಸಿಗಬೇಕು, ಅದಕ್ಕೆ ಪಠ್ಯಕ್ರಮದ ಒಂದೊಂದು ಪುಟವೂ ಪ್ರಮಾಣಿತ ಅನುವಾದಕರಿಂದ ಅನುವಾದ ಆಗಬೇಕು, ರೋಗಿಗಳ ಜೊತೆ ಮಾತಾಡುವಷ್ಟು ಭಾಷೆ ಬರುತ್ತದೆ ಅಂತ ಬೇರೆ ಪರೀಕ್ಷೆ. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ. ನಾನು ಸಂಜೆ ಮನೆಗೆ ಬಂದರೆ ಒರೆಸಿದ್ದ ಅಡುಗೆಕಟ್ಟೆಯನ್ನೇ ಮತ್ತೆ ಒರೆಸುತ್ತಾ ನಿಂತಿರುತ್ತಿದ್ದರು. ಹತ್ತು ವರ್ಷ ಸ್ವಂತ ಕ್ಲಿನಿಕ್ ನಡೆಸಿದ ಮನುಷ್ಯ.

ನಮ್ಮ ಹಳೆಯ ಸೋಫಾ ಸಾಗಿಸಲು ಕಂಪನಿ ದುಡ್ಡು ಕೊಟ್ಟಿತು. ಅವರ ಭಾಷಾ ತರಗತಿಗೆ ಕೇಳಿದರೆ 'ಉದ್ಯೋಗಿಗೆ ಮಾತ್ರ' ಅಂದರು. ಆ ಸೋಫಾ ಅಲ್ಲೇ ಕೊಳ್ಳಬಹುದಿತ್ತು.

ಕಡತದ ಕೆಳಗೆ
ವಲಸೆ ಕಡತಗಳನ್ನು ನೋಡಿಕೊಳ್ಳುವ ಎಚ್ಆರ್ ವಿಭಾಗದಲ್ಲಿ ಇದ್ದೇನೆ. ಬಿಸಿಲುಕೋಲು ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ಸಂಗಾತಿಗೆ ಕೆಲಸದ ಅನುಮತಿ ಕೊಡುವುದು ಒಂದು, ಕೆಲಸ ಸಿಗುವುದು ಇನ್ನೊಂದು. ಜರ್ಮನಿಯಲ್ಲಿ ಬ್ಲೂ ಕಾರ್ಡ್ (ಹೊರದೇಶದ ಪರಿಣತರಿಗೆ ಕೊಡುವ ಯೂರೋಪಿನ ಕೆಲಸದ ಪರವಾನಗಿ) ಇರುವವರ ಸಂಗಾತಿ ಬರುವ ಮೊದಲು ಜರ್ಮನ್ ಬರುತ್ತದೆ ಅಂತ ತೋರಿಸಬೇಕಿಲ್ಲ, ಬಂದ ಕೂಡಲೇ ಕೆಲಸಕ್ಕೆ ಸೇರಬಹುದು. ಕಾಗದದ ಮೇಲೆ ಬಹಳ ಉದಾರ. ಅಮೆರಿಕದಲ್ಲಿ ಎಚ್-1ಬಿ ಕೆಲಸದ ವೀಸಾ ಇರುವವರ ಸಂಗಾತಿಗೆ 2015ರವರೆಗೆ ಸಾಮಾನ್ಯವಾಗಿ ಕೆಲಸವೇ ಇಲ್ಲ. ಆಮೇಲೂ ಗ್ರೀನ್ ಕಾರ್ಡ್ (ಕಾಯಂ ವಾಸ್ತವ್ಯ) ಹಾದಿಯಲ್ಲಿ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿದ್ದರೆ, ಇಲ್ಲವೇ ಆ ಹಾದಿಯ ಮೇಲೆ ಎಚ್-1ಬಿ ಆರು ವರ್ಷ ದಾಟಿದ್ದರೆ ಮಾತ್ರ.

ಆದರೆ ಕಂಪನಿಗಳ ಬಜೆಟ್ ಹಾಳೆ ತೆಗೆದು ನೋಡಿ. 'ಸಾಗಾಟ' ಅಂತ ದೊಡ್ಡ ಸಾಲು ಇರುತ್ತದೆ. 'ಸಂಗಾತಿ' ಅಂತ ಸಾಲೇ ಇರುವುದಿಲ್ಲ.

ಗೂಬೆ42
ಸಂಗಾತಿ, ಭಾಷೆ ಎಲ್ಲ ಸರಿ. ಆದರೆ ಬುಡದಲ್ಲಿ ಇರುವುದು ಬೇರೆ. ನೀವು ಇರುವುದಕ್ಕೆ ಅನುಮತಿ ಕೊಟ್ಟಿರುವುದು ದೇಶವಾ, ನಿಮ್ಮ ಮ್ಯಾನೇಜರಾ? ಅದು ಪ್ರಶ್ನೆ.

ನಾನು ಅಮೆರಿಕದಲ್ಲಿ ಇದ್ದೇನೆ. ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಇನ್ನೊಂದು ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ವೀಸಾ, ಇಲ್ಲವೇ ಗಂಟುಮೂಟೆ. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಹೆಂಡತಿ ಮಕ್ಕಳೂ ಅದೇ ಲೆಕ್ಕದಲ್ಲಿ ಸೇರುತ್ತಾರೆ. ಅದರ ಮೇಲೆ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇ 7ರ ಮಿತಿ. ಭಾರತದಲ್ಲಿ ಹುಟ್ಟಿದವರ ಸರದಿ ಎಷ್ಟು ಉದ್ದ ಅಂತ ಇಲ್ಲಿ ಯಾರಿಗೂ ಹೇಳಬೇಕಿಲ್ಲ. ಸರದಿಯಲ್ಲಿ ನಿಂತಿರುವಾಗಲೇ ಮಕ್ಕಳಿಗೆ 21 ತುಂಬಿದರೆ ಅವರು ಅಪ್ಪ ಅಮ್ಮನ ವೀಸಾದಿಂದ ಹೊರಗೆ.

ಸಣ್ಣ ವಿಷಯ ಹೇಳುತ್ತೇನೆ. ನನ್ನ ಡ್ರೈವಿಂಗ್ ಲೈಸೆನ್ಸ್ ನನ್ನ ವಲಸೆ ದಾಖಲೆಯ ತಾರೀಖಿಗೇ ಮುಗಿಯುತ್ತದೆ. ವೀಸಾ ವಿಸ್ತರಣೆ ಬಾಕಿ ಇದ್ದರೆ ಕಾನೂನಿನ ಪ್ರಕಾರ ಕೆಲಸ ಮಾಡಬಹುದು, ಆದರೆ ಕೆಲಸಕ್ಕೆ ಕಾರು ಓಡಿಸಿಕೊಂಡು ಹೋಗುವ ಹಾಗಿಲ್ಲ. ಲೈಸೆನ್ಸ್ ಕೌಂಟರಿನಲ್ಲಿ ವಿಸ್ತರಣೆ ಅರ್ಜಿಯ ರಸೀದಿ ತೋರಿಸಬೇಕು. ಹೊಸಬರು ಕೂತಿದ್ದರೆ ಅವರು ಆ ಕಾಗದ ಕಂಡೇ ಇರುವುದಿಲ್ಲ, ಹಿಂದೆ ಮುಂದೆ ತಿರುಗಿಸಿ ವಾಪಸ್ ಕೊಡುತ್ತಾರೆ. ಕೋಟ್ಯಂತರ ಡಾಲರಿನ ಚಿಪ್‌ಗೆ ಸಹಿ ಹಾಕುವವನು ಸಹೋದ್ಯೋಗಿಯ ಕಾರಿಗೆ ಕಾದು ನಿಲ್ಲುತ್ತಾನೆ.

ರಾತ್ರಿಪಾಳಿ
ಗೂಬೆ ಸರ್, ಅವರು ಯೂರೋಪ್ ಅಂದರು. ನೀವು ಎಲ್ಲೇ ಶುರು ಮಾಡಿದರೂ ಎಚ್-1ಬಿಗೇ ತಂದು ನಿಲ್ಲಿಸುತ್ತೀರಿ. ಹಾಡಿದ್ದೇ ಹಾಡು.

ಗೂಬೆ42
ಆಯ್ತು, ಯೂರೋಪಿಗೇ ಬರೋಣ. ಜರ್ಮನಿಯಲ್ಲಿ ಬ್ಲೂ ಕಾರ್ಡ್ ಇದ್ದರೆ 33 ತಿಂಗಳಿಗೆ ಕಾಯಂ ವಾಸ್ತವ್ಯ. ಇವರ ಟೀಮಿನಿಂದ ಜನ ಯಾವಾಗ ಹೋಗುತ್ತಿದ್ದಾರೆ? ಎರಡರಿಂದ ಮೂರು ವರ್ಷ. ಲೆಕ್ಕ ತಾಳೆ ಆಗುತ್ತಿದೆ ಅಲ್ವಾ?

ಕಡತದ ಕೆಳಗೆ
33 ಹಳೇ ಲೆಕ್ಕ. 2023ರ ನವೆಂಬರ್‌ನಿಂದ 27 ತಿಂಗಳು, ಅದಕ್ಕೆ ಎ1, ಅಂದರೆ ಆರಂಭದ ಮಟ್ಟದ ಜರ್ಮನ್ ಸಾಕು. ಅದಕ್ಕಿಂತ ಮೇಲಿನ ಬಿ1 ಮಟ್ಟ ಇದ್ದರೆ 21 ತಿಂಗಳು. ಮೊದಲ 12 ತಿಂಗಳಲ್ಲಿ ಕೆಲಸ ಬದಲಿಸಿದರೆ ವಲಸೆ ಕಚೇರಿ ಪರಿಶೀಲಿಸಿ ತಡೆಯಬಹುದು, ಆಮೇಲೆ ಆ ತಡೆ ಇಲ್ಲ. ಹೊಸ ನಿಯಮದಲ್ಲಿ 12 ತಿಂಗಳಾದ ಮೇಲೆ ಬ್ಲೂ ಕಾರ್ಡ್ ಇರುವ ಇನ್ನೊಂದು ದೇಶಕ್ಕೂ ಸುಲಭವಾಗಿ ಹೋಗಬಹುದು. ಡೆನ್ಮಾರ್ಕ್, ಐರ್ಲೆಂಡ್ ಮಾತ್ರ ಈ ಬ್ಲೂ ಕಾರ್ಡ್ ವ್ಯವಸ್ಥೆಯಲ್ಲೇ ಇಲ್ಲ.

ಆದರೆ ಗೂಬೆಯವರು ಹಿಡಿದ ಎಳೆ ಸರಿಯಾಗಿದೆ. ನಮ್ಮಲ್ಲಿ ವೀಸಾ ಮುಗಿಯುವ ತಾರೀಖುಗಳ ಎಕ್ಸೆಲ್ ಹಾಳೆ ಇದೆ. ಕೆಂಪು, ಹಳದಿ, ಹಸಿರು. ಹಸಿರು ಅಂದರೆ ಕಾಯಂ ಸಿಕ್ಕಿತು, ನಮಗೆ ಇನ್ನು ಕೆಲಸವಿಲ್ಲ. ಒಮ್ಮೆ ಸುಮ್ನೆ ರಾಜೀನಾಮೆ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿದೆ. ಹೋದವರೆಲ್ಲ ಹೆಚ್ಚೂಕಡಿಮೆ ಆಗಷ್ಟೇ ಹಸಿರಾದವರು.

ಮೂಗುತೂರಿಸುವವ
ಅಂದರೆ ಕಾಯಂ ಕೊಡಿಸಿದ್ದೇ ತಪ್ಪು ಅಂತಾಯ್ತು! ನನ್ನ ಹಿಂದಿನ ಬಾಸ್ ಇದನ್ನೇ ಹೇಳುತ್ತಿದ್ದರು. ಕಾಗದ ಬೇಗ ಕೊಟ್ಟರೆ ಹಾರಿಹೋಗುತ್ತಾರೆ, ನಿಧಾನ ಮಾಡಿ ಅಂತ. ನೇರವಾಗಿ ಹೇಳುತ್ತಿರಲಿಲ್ಲ. ವಕೀಲರಿಗೆ ಹೋಗಬೇಕಾದ ಫೈಲ್ ಅವರ ಮೇಜಿನ ಮೇಲೆ 'ಈ ತ್ರೈಮಾಸಿಕ ಮುಗಿಯಲಿ' ಅಂತ ಕೂತಿರುತ್ತಿತ್ತು.

ಗೂಬೆ42
ತಪ್ಪು ಅಲ್ಲ ಮಾರಾಯ್ರೇ! ಕಟ್ಟಿಹಾಕಿದ ಹಗ್ಗ ಬಿಚ್ಚಿದ ದಿನ ದನ ಓಡಿತು ಅಂದರೆ, ಅದು ಅಷ್ಟು ದಿನ ಕೊಟ್ಟಿಗೆ ಇಷ್ಟ ಅಂತ ನಿಂತಿರಲಿಲ್ಲ. ಮೊದಲ ಎರಡು ವರ್ಷ ಉಳಿದಿದ್ದನ್ನೇ ಇವರು ತಮ್ಮ ಒಳ್ಳೆಯತನ ಅಂತ ಲೆಕ್ಕಕ್ಕೆ ಹಾಕಿಕೊಂಡಿದ್ದಾರೆ. ಉಳಿಸಿಕೊಳ್ಳುವ ಕೆಲಸ ಶುರುವಾಗುವುದೇ ಹಸಿರಾದ ದಿನ. ಅವತ್ತು ಎಚ್ಆರ್ ಹಾಳೆಯಿಂದ ಹೆಸರು ತೆಗೆಯುತ್ತದೆ.

ಇನ್ನೊಂದು, ಕಟ್ಟಿಹಾಕಿಸಿಕೊಂಡವನು ಸುಮ್ಮನಿರುತ್ತಾನೆ. ಶೆಡ್ಯೂಲ್ ಆಗುವುದಿಲ್ಲ ಅಂತ ಗೊತ್ತಿದ್ದರೂ ಮೀಟಿಂಗಿನಲ್ಲಿ ಬಾಯಿ ಬಿಡುವುದಿಲ್ಲ. ವೀಸಾ ನವೀಕರಣ ಹತ್ತಿರ ಇದ್ದಾಗ ಯಾರು ಜಗಳ ಆಡುತ್ತಾರೆ? ಬಗ್ ಇದೆ ಅಂತ ಹೇಳಬೇಕಾದವನೇ ಹೇಳದಿದ್ದರೆ ಕಂಪನಿಗೆ ಎಷ್ಟು ನಷ್ಟ ಅಂತ ಯಾರೂ ಲೆಕ್ಕ ಹಾಕಿಲ್ಲ.

ಲೆಕ್ಕದಮ್ಮ
ಕೊನೆಯ ಪ್ಯಾರಾಗೆ ನನ್ನದೊಂದು ಮತ. ಆಸ್ಟ್ರೇಲಿಯಾದಲ್ಲಿ ಇದನ್ನು ಸ್ವಲ್ಪ ಅರ್ಥ ಮಾಡಿಕೊಂಡಿದ್ದಾರೆ. ಮೊದಲು ಕೆಲಸ ಬಿಟ್ಟರೆ 60 ದಿನದೊಳಗೆ ವೀಸಾಗೆ ಹೊಣೆ ನಿಲ್ಲುವ ಹೊಸ ಕಂಪನಿಯನ್ನು ಹುಡುಕಬೇಕಿತ್ತು. 2024ರ ಜುಲೈ 1ರಿಂದ ಒಂದು ಸಲಕ್ಕೆ 180 ದಿನ, ಆ ಅವಧಿಯಲ್ಲಿ ಬೇರೆಡೆ ಕೆಲಸವನ್ನೂ ಮಾಡಬಹುದು. ಕೆಟ್ಟ ಬಾಸ್ ಸಿಕ್ಕರೆ ಬಿಟ್ಟು ಬರುವಷ್ಟು ಉಸಿರು ಸಿಗುತ್ತದೆ.

ರಾತ್ರಿಪಾಳಿ
ನನ್ನ ಅಭಿಪ್ರಾಯ ಬೇರೆ. ಕಾಗದಕ್ಕಿಂತ ಕೆಲಸದ ರೀತಿ ಮುಖ್ಯ. ನಾನು ಫ್ಯಾಬ್‌ನಲ್ಲಿ, ಅಂದರೆ ಚಿಪ್ ಕಾರ್ಖಾನೆಯಲ್ಲಿ ಪ್ರಾಸೆಸ್ ಎಂಜಿನಿಯರ್. ತೈವಾನಿನ ಚಿಪ್ ಕಂಪನಿ ಟಿಎಸ್ಎಂಸಿ ಅಮೆರಿಕದ ಅರಿಜೋನಾದಲ್ಲಿ ಕಟ್ಟಿದ ಕಾರ್ಖಾನೆಯ ಕಥೆ ಎಲ್ಲರಿಗೂ ಗೊತ್ತಿದೆ. 2024ಕ್ಕೆ ಶುರು ಆಗಬೇಕಿದ್ದ ಉತ್ಪಾದನೆ 2025ಕ್ಕೆ ಹೋಗುತ್ತದೆ ಅಂತ 2023ರ ಜುಲೈನಲ್ಲಿ ಹೇಳಿದರು. ಸೂಕ್ಷ್ಮ ಯಂತ್ರಗಳನ್ನು ಕೂರಿಸುವ ಅನುಭವ ಇರುವವರು ಅಲ್ಲಿ ಸಾಲದು, ತೈವಾನಿನಿಂದ ಕರೆತರಬೇಕು ಅಂದರು. ಸ್ಥಳೀಯ ಕಾರ್ಮಿಕ ಸಂಘಟನೆ ವಿರೋಧಿಸಿತು. ಕೊನೆಗೆ ಹೇಗೋ ಸರಿಹೋಗಿ 2024ರ ಕೊನೆಗೇ ಉತ್ಪಾದನೆ ಶುರುವಾಯಿತು.

ಆ ಕಂಪನಿ ಕಟ್ಟಿದ ಮೋರಿಸ್ ಚಾಂಗ್ ಒಂದು ಮಾತು ಹೇಳಿದ್ದರು. ರಾತ್ರಿ ಒಂದಕ್ಕೆ ಯಂತ್ರ ಕೆಟ್ಟರೆ ಅಮೆರಿಕದಲ್ಲಿ ಬೆಳಿಗ್ಗೆ ಸರಿಯಾಗುತ್ತದೆ, ತೈವಾನಿನಲ್ಲಿ ಎರಡಕ್ಕೇ ಸರಿಯಾಗುತ್ತದೆ ಅನ್ನುವ ಅರ್ಥದ ಮಾತು. ಅವರು ಹೆಮ್ಮೆಯಿಂದ ಹೇಳಿದ್ದು. ನನಗೆ ಆ ಎರಡು ಗಂಟೆಗೆ ಎದ್ದು ಹೋಗುವವನ ಮುಖವೇ ಕಾಣುತ್ತದೆ, ಅದು ನಾನೇ ಆಗಿದ್ದೆ. ಫೋನ್ ಬಂದರೆ ಎದ್ದು, ಮೈತುಂಬ ಮುಚ್ಚುವ ಬನ್ನಿ ಸೂಟ್ ಹಾಕಿ, ಧೂಳು ಊದಿ ತೆಗೆಯುವ ಏರ್ ಶವರ್‌ನಲ್ಲಿ ನಿಂತು ಒಳಗೆ ಹೋಗಬೇಕು. ಕನ್ನಡಕ ಮಸುಕಾಗಿರುತ್ತದೆ, ಯಂತ್ರದ ಅಲಾರಂ ಹಳದಿ ಮಿನುಗುತ್ತಿರುತ್ತದೆ. ಅಲ್ಲೇ ಬೆಳೆದವರು 'ಇದು ನನ್ನ ಪಾಳಿ ಅಲ್ಲ' ಅನ್ನುತ್ತಿದ್ದರು. ಹೊರಗಿನಿಂದ ಬಂದವರಿಗೆ ಹಾಗೆ ಹೇಳುವ ಧೈರ್ಯ ಇರಲಿಲ್ಲ. ಹಾಗಾಗಿ ಫೋನ್ ಯಾವಾಗಲೂ ನಮಗೇ.

ಗೂಬೆ42
ಧೈರ್ಯ ಯಾಕೆ ಇರಲಿಲ್ಲ ಹೇಳಿ? ವೀಸಾ! ನೀವೂ ತಿರುಗಿ ಅಲ್ಲಿಗೇ ಬಂದಿರಿ.

ರಾತ್ರಿಪಾಳಿ
😐

ಅಲೆಮಾರಿ ಅಣು
ನಾನು ನಾಲ್ಕು ದೇಶದಲ್ಲಿ ಕೆಲಸ ಮಾಡಿದವನು. ಕಠಿಣ ನಿಯಮವನ್ನು ಜನ ಸಹಿಸುತ್ತಾರೆ. ಆಟದ ನಡುವೆ ನಿಯಮ ಬದಲಿಸಿದರೆ ಸಹಿಸುವುದಿಲ್ಲ.

ಬ್ರಿಟನ್ ನೋಡಿ. 2002ರಲ್ಲಿ ಹೆಚ್ಚು ಕೌಶಲದವರಿಗೆ ಅಂತ ಅಂಕಗಳ ಮೇಲೆ ವೀಸಾ ಶುರು ಮಾಡಿದರು. ಬನ್ನಿ, ಇಲ್ಲೇ ನೆಲೆಸಿ ಅಂದರು. ಜನ ಮನೆಮಠ ಮಾರಿ ಹೋದರು. 2006ರಲ್ಲಿ ವಿಸ್ತರಣೆಯ ನಿಯಮ ಬದಲಿಸಿ, ಆಗಲೇ ಬಂದಿದ್ದವರಿಗೂ ಅನ್ವಯಿಸಿದರು. ಅವರು ಕೋರ್ಟಿಗೆ ಹೋದರು. 2008ರಲ್ಲಿ ತೀರ್ಪು ಅವರ ಪರವಾಗಿ ಬಂತು. ಗೆದ್ದರು ಸರಿ, ಆದರೆ ಆ ಎರಡು ವರ್ಷ? ಆಮೇಲೆ 2025ರ ಮೇ ತಿಂಗಳಲ್ಲಿ ಸರ್ಕಾರದ ಶ್ವೇತಪತ್ರದಲ್ಲಿ ಕಾಯಂ ವಾಸ್ತವ್ಯದ ಐದು ವರ್ಷವನ್ನು ಹತ್ತು ಮಾಡುವ ಪ್ರಸ್ತಾಪ. ಕೇಳಿದ ಕೂಡಲೇ ನನ್ನ ಹಳೇ ಟೀಮಿನ ವಾಟ್ಸಾಪ್ ಗುಂಪು ಬೇರೆ ದೇಶದ ಉದ್ಯೋಗದ ಲಿಂಕುಗಳಿಂದ ತುಂಬಿಹೋಯಿತು. ಅವತ್ತಿಗೆ ಅದು ಪ್ರಸ್ತಾಪ ಅಷ್ಟೇ, ಕಾನೂನಾಗಿರಲಿಲ್ಲ. ಅಷ್ಟಕ್ಕೇ!

ನೆದರ್ಲೆಂಡ್ಸ್ ಇನ್ನೊಂದು. ಹೊರಗಿನಿಂದ ಬರುವ ಪರಿಣತರಿಗೆ ಸಂಬಳದ ಶೇ 30 ಭಾಗಕ್ಕೆ ತೆರಿಗೆ ಇಲ್ಲ. ಮೊದಲು ಹತ್ತು ವರ್ಷ ಇತ್ತು, ಎಂಟು ಮಾಡಿದರು, 2019ರಿಂದ ಐದು ಮಾಡಿದರು. 2024ರಲ್ಲಿ 30, 20, 10 ಅಂತ ಮೆಟ್ಟಿಲು ಇಳಿಸುವ ನಿಯಮ ತಂದರು. ಕಂಪನಿಗಳು ಗಲಾಟೆ ಮಾಡಿದ ಮೇಲೆ ಅದನ್ನು ಕೈಬಿಟ್ಟು 2027ರಿಂದ ಶೇ 27 ಅಂತ ನಿಲ್ಲಿಸಿದರು. ಮನೆ ಸಾಲ ತೆಗೆದುಕೊಂಡವರ ಸ್ಥಿತಿ ಯೋಚಿಸಿ.

ಸುಮ್ನಿರಿ
2025ರ ಸೆಪ್ಟೆಂಬರ್ 19 ಮರೆತಿರಾ? ಹೊಸ ಎಚ್-1ಬಿಗೆ ಒಂದು ಲಕ್ಷ ಡಾಲರ್ ಅಂತ ಘೋಷಣೆ. ಯಾರಿಗೆ ಅನ್ವಯ ಅಂತ ಯಾರಿಗೂ ಸ್ಪಷ್ಟ ಇಲ್ಲ. ರಜೆಗೆ ಹೋಗಿದ್ದವರು ಸಿಕ್ಕ ವಿಮಾನ ಹಿಡಿದು ಓಡಿ ಬಂದರು. ಮಾರನೆಯ ದಿನ ಹೊಸ ಅರ್ಜಿಗಳಿಗೆ ಮಾತ್ರ ಅಂತ ವಿವರಣೆ ಬಂತು. ಅಷ್ಟರಲ್ಲಿ ನಮ್ಮ ಪಕ್ಕದ ಟೀಮಿನವನು ತನ್ನ ಮದುವೆ ಶಾಪಿಂಗ್ ಅರ್ಧಕ್ಕೆ ಬಿಟ್ಟು ಬಂದಿದ್ದ. ಹುಡುಗಿ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳಂತೆ.

ನೆಲದಮಾತು
ಎಲ್ಲರೂ ಹೊರಗಿನವರ ಕಷ್ಟವನ್ನೇ ಹೇಳುತ್ತಿದ್ದೀರಿ. ಆಯಾ ದೇಶದ ಎಂಜಿನಿಯರ್ ಕಡೆಯಿಂದಲೂ ಸ್ವಲ್ಪ ನೋಡಿ. 'ಪರಿಣತರ ಕೊರತೆ' ಅನ್ನುವುದು ಎಷ್ಟೋ ಸಲ 'ನಾವು ಕೊಡುವ ಸಂಬಳಕ್ಕೆ ಸಿಗುವವರ ಕೊರತೆ'. ಎಚ್-1ಬಿ ಲಾಟರಿಯಲ್ಲಿ ಒಬ್ಬನ ಹೆಸರಲ್ಲಿ ಹಲವು ಕಂಪನಿಗಳು ನೋಂದಾಯಿಸಿ ಅದೃಷ್ಟ ಹೆಚ್ಚಿಸಿಕೊಳ್ಳುತ್ತಿದ್ದವು. 2023ರಲ್ಲಿ ಸುಮಾರು 7.8 ಲಕ್ಷ ನೋಂದಣಿ. ಮುಂದಿನ ವರ್ಷ, ಒಬ್ಬ ವ್ಯಕ್ತಿಗೆ ಒಂದೇ ಅವಕಾಶ ಅಂತ ನಿಯಮ ಮಾಡಿದ ಕೂಡಲೇ ಸುಮಾರು 4.8 ಲಕ್ಷಕ್ಕೆ ಇಳಿಯಿತು. ಉಳಿದ ಮೂರು ಲಕ್ಷ 'ಪ್ರತಿಭೆ' ಎಲ್ಲಿಗೆ ಹೋಯಿತು ಸ್ವಾಮಿ?

ಗೂಬೆ42
ಮೋಸ ಇತ್ತು, ಒಪ್ಪುತ್ತೇನೆ. ಆದರೆ ಪರಿಹಾರವೂ ಅದರಲ್ಲೇ ಇದೆ ನೋಡಿ. ಬಂದವನಿಗೆ ಕೆಲಸ ಬದಲಿಸುವ ಸ್ವಾತಂತ್ರ್ಯ ಕೊಟ್ಟುಬಿಡಿ. ಆಗ ಯಾವ ಕಂಪನಿಯೂ ಕಮ್ಮಿ ಸಂಬಳಕ್ಕೆ ಇಟ್ಟುಕೊಳ್ಳಲಾಗುವುದಿಲ್ಲ. ಅಗ್ಗದವನಲ್ಲದಿದ್ದರೆ ಸ್ಥಳೀಯನ ಸಂಬಳಕ್ಕೂ ಪೆಟ್ಟಿಲ್ಲ.

ನೆಲದಮಾತು
ಕಂಪನಿಗಳು ಅದನ್ನು ಕೇಳುತ್ತವೆಯಾ? ಅವರ ಲಾಬಿ ನಡೆಯುವುದು ವೀಸಾ ಸಂಖ್ಯೆ ಹೆಚ್ಚಿಸಲು, ಹಗ್ಗ ಬಿಚ್ಚಲು ಅಲ್ಲ.

ಮೂಗುತೂರಿಸುವವ
ಜರ್ಮನಿಯವರು 2000ದಲ್ಲಿ 'ಗ್ರೀನ್ ಕಾರ್ಡ್' ಅಂತ ಮಾಡಿದ್ದರಲ್ಲ, ಒಬ್ಬರೂ ಬರಲಿಲ್ಲ ಅಂತ ಕೇಳಿದ್ದೆ. ಅಷ್ಟಕ್ಕೂ ಅಮೆರಿಕದ ಮುಂದೆ ಯಾರು ಅಲ್ಲಿಗೆ ಹೋಗುತ್ತಾರೆ?

ಅಲೆಮಾರಿ ಅಣು
ಒಬ್ಬರೂ ಬರಲಿಲ್ಲ ಅನ್ನುವುದು ಸುಳ್ಳು. 2000ದ ಆಗಸ್ಟ್‌ನಿಂದ 2004ರ ಕೊನೆಯವರೆಗೆ ಇತ್ತು. ಗುರಿ 20,000 ಐಟಿ ಪರಿಣತರು, ಸುಮಾರು 18,000 ಜನಕ್ಕೆ ಕೊಟ್ಟರು. ನಡುವೆ ಇಂಟರ್ನೆಟ್ ಕಂಪನಿಗಳ ಡಾಟ್‌ಕಾಮ್ ಗುಳ್ಳೆ ಒಡೆದು ಬೇಡಿಕೆಯೂ ಬಿತ್ತು. ಸಮಸ್ಯೆ ಇದ್ದದ್ದು ಬೇರೆ ಕಡೆ. ಹೆಸರು ಗ್ರೀನ್ ಕಾರ್ಡ್, ಅವಧಿ ಮಾತ್ರ ಹೆಚ್ಚೆಂದರೆ ಐದು ವರ್ಷ, ಕಾಯಂ ಆಗುವ ಮಾತೇ ಇಲ್ಲ. ಅದೇ ಹೊತ್ತಿಗೆ ಯುರ್ಗನ್ ರುಟ್ಗರ್ಸ್ ಅನ್ನುವ ರಾಜಕಾರಣಿಯ ಚುನಾವಣಾ ಪ್ರಚಾರದಿಂದ 'ಭಾರತೀಯರ ಬದಲು ಮಕ್ಕಳು' ಅನ್ನುವ ಘೋಷಣೆ ಹುಟ್ಟಿಕೊಂಡಿತು. ಕರೆಯುವ ಬಾಯಿ ಒಂದು, ಬೈಯುವ ಬಾಯಿ ಇನ್ನೊಂದು. ಅದರಿಂದ ಕಲಿತೇ ಈಗಿನ ಬ್ಲೂ ಕಾರ್ಡ್ ನಿಯಮಗಳು ಸಡಿಲ ಇವೆ. ಮೂರು ವರ್ಷ ಅನುಭವ ಇರುವ ಐಟಿಯವರಿಗೆ ಪದವಿಯೂ ಕಡ್ಡಾಯ ಅಲ್ಲ.

ಎಳೆಹುಡುಗ
ಪದವಿ ಕಡ್ಡಾಯ ಇಲ್ವಾ?! ಹಾಗಾದರೆ ನಾನು ಏಳನೇ ಸೆಮಿಸ್ಟರ್‌ಗೇ ಬಿಟ್ಟುಬಿಡಲಾ?

ಲೆಕ್ಕದಮ್ಮ
ಓದು ಮುಗಿಸಪ್ಪ ಮೊದಲು. ಮೂರು ವರ್ಷ ಅನುಭವ ಅನ್ನುವ ಭಾಗ ಓದಲಿಲ್ವಾ?

ವಾಪಸ್ಸಾದವ
ಪ್ರತಿಭಾ ಪಲಾಯನದ ಬಗ್ಗೆ ಯಾರೂ ಮಾತಾಡುತ್ತಿಲ್ಲ ಯಾಕೆ? ಬಡ ದೇಶ ಓದಿಸುತ್ತದೆ, ಶ್ರೀಮಂತ ದೇಶ ಕೊಯ್ದುಕೊಳ್ಳುತ್ತದೆ. ಮತ್ತೆ 'ಹೇಗೆ ಉಳಿಸಿಕೊಳ್ಳೋಣ' ಅಂತ ಚರ್ಚೆ ಬೇರೆ. ತೈವಾನ್ ಏನು ಮಾಡಿತು? 1980ರಲ್ಲಿ ಶಿಂಚು ವಿಜ್ಞಾನ ಪಾರ್ಕ್ ಕಟ್ಟಿತು. ಅಮೆರಿಕದಲ್ಲಿ ದಶಕಗಟ್ಟಲೆ ಕೆಲಸ ಮಾಡಿದ ಮೋರಿಸ್ ಚಾಂಗ್‌ರನ್ನು 1985ರಲ್ಲಿ ಕರೆಸಿಕೊಂಡಿತು, 1987ರಲ್ಲಿ ಟಿಎಸ್ಎಂಸಿ ಆಯಿತು. ಹೋದವರು ಬರಬೇಕಾದರೆ ಮಾಡುವಂಥ ಕೆಲಸ ಇರಬೇಕು. ದೇಶಪ್ರೇಮದ ಭಾಷಣ ಸಾಲದು.

ನೆಲದಮಾತು
ಅವರು ಹುಟ್ಟಿದ್ದು ಚೀನಾದಲ್ಲಿ. ತೈವಾನಿಗೆ 'ವಾಪಸ್' ಹೋದರು ಅನ್ನುವುದೇ ತಪ್ಪು.

ವಾಪಸ್ಸಾದವ
'ಕರೆಸಿಕೊಂಡಿತು' ಅಂದೆ. ವಾಪಸ್ ಅಂದಿದ್ದು ಎಲ್ಲಿ? ಇನ್ನೂ ಒಳ್ಳೆಯದಾಯಿತು ಬಿಡಿ. ಹುಟ್ಟದ ನಾಡು ಅವರಿಗೆ ಐವತ್ತರ ವಯಸ್ಸು ದಾಟಿದ ಮೇಲೆ ಹೊಸ ಉದ್ಯಮ ಕಟ್ಟುವ ಅಧಿಕಾರ ಕೊಟ್ಟಿತು. ಅಮೆರಿಕದಲ್ಲಿ ಅವರಿಗೆ ಮೇಲಿನ ಕುರ್ಚಿ ಸಿಕ್ಕಿದ್ದರೆ ಬರುತ್ತಿದ್ದರಾ?

ನಿರ್ವಾಹಕ
ಪ್ರತಿಭಾ ಪಲಾಯನಕ್ಕೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ. ಎತ್ತು ಏರಿಗೆ, ಕೋಣ ನೀರಿಗೆ ಬೇಡ.

ಬಿಸಿಲುಕೋಲು
ಮೇಲಿನ ಕುರ್ಚಿಯ ಮಾತು ಬಂತಲ್ಲ, ಅದನ್ನು ಬಿಡಬೇಡಿ. ನಾನು ಹೋದ ಮೇಲೆ ನನ್ನ ಜಾಗಕ್ಕೆ ಬಂದವರು ಫೋನ್ ಮಾಡಿದ್ದರು. ಅವರ ಪ್ರಕಾರ ಮೀಟಿಂಗ್ ಇಂಗ್ಲಿಷಿನಲ್ಲಿ ನಡೆಯುತ್ತದೆ, ತೀರ್ಮಾನ ಕಾಫಿ ಯಂತ್ರದ ಹತ್ತಿರ ಸ್ಥಳೀಯ ಭಾಷೆಯಲ್ಲಿ ಆಗುತ್ತದೆ. ನನ್ನ ಅನುಭವವೂ ಅದೇ. ಕೆಟ್ಟವರಲ್ಲ, ಬೇಕಂತ ಮಾಡುವುದೂ ಇಲ್ಲ. ನಾವು ಹತ್ತಿರ ಹೋದರೆ ಪಾಪ ಇಂಗ್ಲಿಷಿಗೆ ಬದಲಾಗುತ್ತಾರೆ, ಆದರೆ ಅಷ್ಟರಲ್ಲಿ ವಿಷಯ ಮುಗಿದು ಹವಾಮಾನದ ಮಾತು ಶುರುವಾಗಿರುತ್ತದೆ.

ಟೇಪ್‌ಔಟ್ ಸರ್, ನಿಮ್ಮ ಟೀಮಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನವರು ಅಂದಿರಿ. ನಿಮ್ಮ ಮೇಲಿನ ಎರಡು ಹಂತದಲ್ಲಿ ಎಷ್ಟು ಜನ?

ಕಡತದ ಕೆಳಗೆ
ಒಳ್ಳೆ ಪ್ರಶ್ನೆ. ಜೊತೆಗೆ ಚಿಪ್ ರಂಗಕ್ಕೇ ಅಂಟಿದ ಇನ್ನೊಂದು ತೊಡಕು ಹೇಳಿಬಿಡುತ್ತೇನೆ, ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ಅಮೆರಿಕದ ರಫ್ತು ನಿಯಂತ್ರಣದಲ್ಲಿ, ಕೆಲವು ದೇಶಗಳ ಪ್ರಜೆಗೆ ಕಚೇರಿಯೊಳಗೇ ಸೂಕ್ಷ್ಮ ತಂತ್ರಜ್ಞಾನ ತೋರಿಸಿದರೂ ಅದು ಆ ದೇಶಕ್ಕೆ ರಫ್ತು ಮಾಡಿದಂತೆ. ಅದಕ್ಕೆ ಬೇರೆ ಪರವಾನಗಿ ಬೇಕು. ಅಮೆರಿಕದ ತಂತ್ರಜ್ಞಾನ ಬಳಸುವ ಬೇರೆ ದೇಶದ ಕಂಪನಿಗಳಿಗೂ ಇದರ ಬಿಸಿ ತಟ್ಟುತ್ತದೆ. ಪಾಪ, ಆತ ಇಡೀ ಪಿಎಚ್‌ಡಿ ಮಾಡಿದ್ದೇ ಆ ವಿಷಯದಲ್ಲಿ. ಸೇರಿದ ಮೇಲೆ ಸರ್ವರ್‌ಗೆ ಲಾಗಿನ್ ಸಿಗುವುದಿಲ್ಲ. ತಿಂಗಳುಗಟ್ಟಲೆ ತರಬೇತಿ ವಿಡಿಯೋ ನೋಡುತ್ತಾ ಕೂರಿಸಿದ್ದನ್ನು ಕಂಡಿದ್ದೇನೆ. ಕೊನೆಗೆ ಪರವಾನಗಿ ಬಂತು, ಅವನು ಹೋಗಿದ್ದ.

ಆಫರ್ ಕೊಡುವ ಮೊದಲೇ ಇದನ್ನು ಪರಿಶೀಲಿಸಿ ನೇರವಾಗಿ ಹೇಳಬಹುದಿತ್ತು. ಹೇಳಿದರೆ ಬರುವುದಿಲ್ಲ ಅಂತ ಹೇಳಲಿಲ್ಲ.

ಲೆಕ್ಕದಮ್ಮ
ದುಡ್ಡಿನ ಇನ್ನೊಂದು ಮುಖ: ಪಿಂಚಣಿ. ಅಮೆರಿಕದಲ್ಲಿ ಸಂಬಳದಿಂದ ಶೇ 6.2 ಸಾಮಾಜಿಕ ಭದ್ರತೆಗೆ ಹೋಗುತ್ತದೆ. ಅದರ ಪಿಂಚಣಿ ಸಿಗಬೇಕಾದರೆ 40 ಕ್ರೆಡಿಟ್, ಅಂದರೆ ಸುಮಾರು ಹತ್ತು ವರ್ಷದ ಕೆಲಸ ಬೇಕು. ಭಾರತದ ಜೊತೆ ಈ ಲೆಕ್ಕ ಹೊಂದಿಸುವ ಒಪ್ಪಂದ ಅವರಿಗಿಲ್ಲ. ಆರು ವರ್ಷಕ್ಕೆ ಹೊರಟರೆ ಕಟ್ಟಿದ್ದು ಗೋವಿಂದ. ಜರ್ಮನಿ, ಕೆನಡಾ, ಜಪಾನ್ ಜೊತೆ ಭಾರತದ ಒಪ್ಪಂದ ಇದೆ. ನಲವತ್ತು ದಾಟಿದ ಮೇಲೆ ಜನ ಇದನ್ನೆಲ್ಲ ಕೂತು ಲೆಕ್ಕ ಹಾಕುತ್ತಾರೆ. ಇಪ್ಪತ್ತೈದರಲ್ಲಿ ಯಾರೂ ಕೇಳುವುದಿಲ್ಲ.

ಅಲೆಮಾರಿ ಅಣು
ನಲವತ್ತು ದಾಟಿದವರು ಕೇಳುವ ಇನ್ನೊಂದು ಪ್ರಶ್ನೆ, ಅಪ್ಪ ಅಮ್ಮ. ಜಪಾನಿನಲ್ಲಿ 2012ರಿಂದ ಹೆಚ್ಚು ಕೌಶಲದವರಿಗೆ ಅಂಕ ಪದ್ಧತಿ ಇದೆ. 80 ಅಂಕ ಇದ್ದರೆ ಒಂದೇ ವರ್ಷಕ್ಕೆ, 70 ಇದ್ದರೆ ಮೂರು ವರ್ಷಕ್ಕೆ ಕಾಯಂ ವಾಸ್ತವ್ಯಕ್ಕೆ ಅರ್ಜಿ ಹಾಕಬಹುದು. ಎಲ್ಲರೂ ಹೇಳುವುದು ಇಷ್ಟೇ. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಏಳು ವರ್ಷದೊಳಗಿನ ಮಗು ಇದ್ದು, ಮನೆಯ ಆದಾಯ ವರ್ಷಕ್ಕೆ 80 ಲಕ್ಷ ಯೆನ್ ದಾಟಿದರೆ ಅಪ್ಪ ಅಮ್ಮನನ್ನೂ ಕರೆಸಿಕೊಳ್ಳಬಹುದು. ಕೆನಡಾದಲ್ಲಿ ಪಾಲಕರ ಸೂಪರ್ ವೀಸಾದಲ್ಲಿ ಒಂದು ಸಲಕ್ಕೆ ಐದು ವರ್ಷದವರೆಗೆ ಇರಬಹುದು. ಬೇರೆ ಎಷ್ಟೋ ಕಡೆ ಮೂರು ತಿಂಗಳಿಗೆ ಪ್ರವಾಸಿಯಾಗಿ ಬಂದು ಹೋಗಬೇಕು. ಅಪ್ಪನಿಗೆ ಪಾರ್ಶ್ವವಾಯು ಆದಾಗ ನಾನು ಬಿಟ್ಟು ಬಂದ ದೇಶದ ಸಂಬಳ ನನ್ನ ಜೀವನದಲ್ಲೇ ಅತಿ ಹೆಚ್ಚಿನದು.

ರಾತ್ರಿಪಾಳಿ
ಇದು ಮಾತ್ರ ನಿಜವಾದ 'ವೈಯಕ್ತಿಕ'. ಕಂಪನಿ ಏನು ಮಾಡಲು ಆಗುತ್ತದೆ?

ಅಲೆಮಾರಿ ಅಣು
ಆರು ತಿಂಗಳು ಅಲ್ಲಿಂದಲೇ ಕೆಲಸ ಮಾಡುತ್ತೇನೆ ಅಂತ ಕೇಳಿದ್ದೆ. ಆ ದೇಶದಲ್ಲಿ ಕಂಪನಿಗೆ ತೆರಿಗೆ ಹೊರೆ ಬೀಳಬಹುದು ಅಂತ ವಕೀಲರು ಬೇಡ ಅಂದರು. ಅದು ನಿಜವಾದ ಅಪಾಯವೇ. ಆದರೆ ಎರಡು ತಿಂಗಳಿಗೆ ಏನಾದರೂ ದಾರಿ ಇದೆಯಾ ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಟೇಪ್‌ಔಟ್ ತಲೆನೋವು
ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಬಿಸಿಲುಕೋಲು ಮೇಡಂ, ನನ್ನ ಮೇಲಿನ ಎರಡು ಹಂತದಲ್ಲಿ ಹೊರಗಿನವರು ಯಾರೂ ಇಲ್ಲ. ಬರೆಯುವವರೆಗೆ ಎಣಿಸಿಯೇ ಇರಲಿಲ್ಲ.

ಗೂಬೆ ಸರ್ ಹೇಳಿದ್ದನ್ನು ಇವತ್ತೇ ಎಚ್ಆರ್ ಹತ್ತಿರ ಕೇಳಿದೆ. ಇಬ್ಬರನ್ನು ಬಿಟ್ಟು ಎಲ್ಲರೂ ಕಾಯಂ ಸಿಕ್ಕ ಕೆಲವೇ ತಿಂಗಳಲ್ಲಿ ಹೋಗಿದ್ದಾರೆ. ನಾಳಿದ್ದು ಮೀಟಿಂಗ್ ಇದೆ. ಸಂಬಳದ ಪ್ರಸ್ತಾಪದ ದುಡ್ಡಿನಲ್ಲಿ ಒಂದು ಭಾಗವನ್ನು ಸಂಗಾತಿಯ ಭಾಷಾ ತರಗತಿ, ಪದವಿ ಮಾನ್ಯತೆಯ ಖರ್ಚಿಗೆ ಕೊಡಿ ಅಂತ ಕೇಳುತ್ತೇನೆ. ಕಾಯಂ ಸಿಗುವ ಆರು ತಿಂಗಳು ಮೊದಲೇ ಮುಂದಿನ ಹುದ್ದೆ ಯಾವುದು ಅಂತ ಕೂತು ಮಾತಾಡುವುದನ್ನು ಕಡ್ಡಾಯ ಮಾಡಿ ಅಂತಲೂ.

ನೆಲದಮಾತು
ಮನೆ ಸಿಗುತ್ತದಾ ನಿಮ್ಮ ಕಡೆ? ಅದನ್ನೂ ಸೇರಿಸಿ. ಚಿಪ್ ತಯಾರಿಸುವ ಯಂತ್ರ ಮಾಡುವ ನೆದರ್ಲೆಂಡ್ಸ್‌ನ ಕಂಪನಿ ಎಎಸ್ಎಂಎಲ್ ದೇಶ ಬಿಟ್ಟು ಹೊರಗೆ ಬೆಳೆದೀತು ಅನ್ನುವ ಭಯಕ್ಕೆ ಡಚ್ ಸರ್ಕಾರ 2024ರ ಮಾರ್ಚ್‌ನಲ್ಲಿ 250 ಕೋಟಿ ಯೂರೋ ತೆಗೆದಿಟ್ಟಿತು. ಎಲ್ಲಿಗೆ? ಐಂಡ್‌ಹೋವನ್ ಸುತ್ತಮುತ್ತ ಮನೆ, ರಸ್ತೆ, ರೈಲು, ವಿದ್ಯುತ್ ಜಾಲ, ತಾಂತ್ರಿಕ ಶಿಕ್ಷಣಕ್ಕೆ. ಇದರಿಂದ ಸ್ಥಳೀಯರಿಗೂ ಉಪಯೋಗ. ನಾನು ವಿರೋಧಿಸುವುದು ಬಾಡಿಗೆ ಏರಿಸಿ, ಮನೆ ಕಟ್ಟದೆ, ಬರೀ ಜನ ಕರೆಸುವುದನ್ನು.

ಗೂಬೆ42
ನೀವೂ ನಾನೂ ಒಂದು ವಿಷಯದಲ್ಲಿ ಒಪ್ಪಿದೆವು. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುತ್ತೇನೆ.

ಮೂಗುತೂರಿಸುವವ
ಮುಂದಿನ ಹುದ್ದೆಯ ಬಗ್ಗೆ ಕೂತು ಮಾತಾಡಿದರೆ ಸಾಲದು, ಹುದ್ದೆ ಇರಬೇಕು. ನಮ್ಮಲ್ಲಿ ಹಾಗೆ ಕೂರಿಸಿ ಸುಂದರ ಚಾರ್ಟ್ ತೋರಿಸಿದರು. ಬಾಣದ ಗುರುತಿನ ತುದಿಯ ಪೆಟ್ಟಿಗೆ ಖಾಲಿ ಇತ್ತು. ಮೂಗಿಗೆ ತುಪ್ಪ ಸವರಿದ್ದು ಅಂತ ಎಲ್ಲರಿಗೂ ಅವತ್ತೇ ಗೊತ್ತಾಯಿತು.

ಎಳೆಹುಡುಗ
ಕಡತದ ಕೆಳಗೆ ಸರ್, ಬಿ1 ಆದರೆ 21 ತಿಂಗಳು ಅಂದಿರಲ್ಲ, ಬಿ1 ಅಂದರೆ ಎಷ್ಟು ಕಷ್ಟ? ಕಾಲೇಜು ಮುಗಿಯುವಷ್ಟರಲ್ಲಿ ಇಲ್ಲಿಂದಲೇ ಕಲಿತುಕೊಂಡು ಹೋಗಬಹುದಾ?

ಕಡತದ ಕೆಳಗೆ
ನಾನು ಮೇಡಂ ಕಣಪ್ಪ, ಸರ್ ಅಲ್ಲ. ಬಿ1 ಅಂದರೆ ದಿನನಿತ್ಯದ ವಿಷಯ ತಡವರಿಸದೆ ಮಾತಾಡುವ ಮಟ್ಟ. ಓದಿನ ಜೊತೆ ಸಂಜೆ ತರಗತಿಗೆ ಹೋದರೆ ವರ್ಷ ಒಂದೂವರೆ ವರ್ಷದಲ್ಲಿ ಆಗುತ್ತದೆ. ಅಲ್ಲಿಗೆ ಹೋದ ಮೇಲೆ ಕಲಿಯುತ್ತೇನೆ ಅನ್ನುವವರು ಟೇಪ್‌ಔಟ್ (ಚಿಪ್ ವಿನ್ಯಾಸ ಮುಗಿಸಿ ಕಾರ್ಖಾನೆಗೆ ಕಳಿಸುವುದು) ಮುಗಿಯಲಿ ಅಂತ ಮುಂದಕ್ಕೆ ಹಾಕುತ್ತಲೇ ಇರುತ್ತಾರೆ.

ಬಿಸಿಲುಕೋಲು
ಮದುವೆ ಆಗುವುದಾದರೆ ಹುಡುಗಿಯನ್ನೂ ಅದೇ ತರಗತಿಗೆ ಸೇರಿಸು.

ಎಳೆಹುಡುಗ
ಅಕ್ಕ, ಮೊದಲು ಏಳನೇ ಸೆಮಿಸ್ಟರ್.